ಗಾಳಿ ಹೇಳುವವಳು

ನನ್ನ ಗಂಡ ಆರ್ವಿಡ್ ಯಾರ ಮಾತನ್ನೂ ಕೇಳುವ ಆಸಾಮಿಯಲ್ಲ. ಬಂದೂಕಿನ ಹಿಂದೆ ಬೋರಲು ಮಲಗಿದಾಗ ಮಾತ್ರ ನನ್ನ ಮಾತು ಕೇಳುತ್ತಾನೆ. ಮದುವೆಯಾದ ಮರುವರ್ಷದಿಂದ ನಾನು ಅವನಿಗೆ ಗಾಳಿ ಹೇಳುತ್ತಾ ಬಂದಿದ್ದೇನೆ. ಬಂದೂಕಿನ ಮೇಲೆ ಗುರಿ ನೋಡುವ ದುರ್ಬೀನು, ಅಂದರೆ ಸ್ಕೋಪು, ಇರುತ್ತದೆ; ಅದರ ಮೇಲಿನ ತಿರುಪು ಅವನದು. ದೂರ ಹೋದಷ್ಟೂ ಗುಂಡು ಎಷ್ಟು ಇಳಿಯುತ್ತದೆ ಎಂದು ಲೆಕ್ಕ ಹಾಕಿ ಅದನ್ನು ತಿರುಗಿಸಿಕೊಳ್ಳುತ್ತಾನೆ. ಪಕ್ಕದ ತಿರುಪಿನ ಲೆಕ್ಕ ನನ್ನದು. ಗಾಳಿ ಗುಂಡನ್ನು ಎಷ್ಟು ಪಕ್ಕಕ್ಕೆ ತಳ್ಳುತ್ತದೆ ಎಂದು ನಾನು ಹೇಳಬೇಕು, ಅವನು ಅಷ್ಟು ಟಿಕ್ ಸದ್ದು ಎಣಿಸಿ ತಿರುಗಿಸಬೇಕು. ನಾನು ಬಾಯಿ ಬಿಡುವ ತನಕ ಅವನ ಬೆರಳು ಟ್ರಿಗರ್ ಮುಟ್ಟುವುದಿಲ್ಲ. ಮನೆಯಲ್ಲಿ ನಾನು ಆಡಿದ ಒಂದು ಮಾತೂ ಅವನ ಕಿವಿಗೆ ಬೀಳುವುದಿಲ್ಲ, ಅದು ಬೇರೆ ವಿಷಯ.

ಕಾಡು ಟಗರು ಹೊಡೆಯಲು ನಮ್ಮ ವಯೋಮಿಂಗಿನಲ್ಲಿ ಸರ್ಕಾರದ ಚೀಟಿ ಬೇಕು, ಒಂದು ಚೀಟಿಗೆ ಒಂದೇ ಪ್ರಾಣಿ. ಪ್ರತಿ ವರ್ಷ ಅರ್ಜಿ ಹಾಕಿ, ನಮ್ಮ ಹೆಸರು ಎತ್ತುತ್ತಾರೋ ಇಲ್ಲವೋ ಎಂದು ಬಾಯಿ ಬಿಟ್ಟುಕೊಂಡು ಕಾಯಬೇಕು. ಆರ್ವಿಡ್ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾದ. ಕೊನೆಗೆ ಚೀಟಿ ಬಂದಾಗ ಅವನಿಗೆ ಎಪ್ಪತ್ತೊಂದು ವಯಸ್ಸು, ಎರಡು ಮಂಡಿಯೂ ಕೈಕೊಟ್ಟಿದ್ದವು. ಇನ್ನೊಂದು ಚೀಟಿಗೆ ಕಾಯುವಷ್ಟು ಆಯಸ್ಸು ತನಗಿಲ್ಲ ಎಂದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆ ಚೀಟಿಯನ್ನು ಅವನು ಅಂಗಿಯ ಎಡಜೇಬಿನಲ್ಲಿ ಗುಂಡಿ ಹಾಕಿ ಇಟ್ಟುಕೊಂಡು, ದಿನಕ್ಕೆ ಹತ್ತು ಸಲ ಮೇಲಿನಿಂದ ಮುಟ್ಟಿ ನೋಡಿಕೊಳ್ಳುತ್ತಿದ್ದ.

ತೊಂದರೆ ಇದ್ದದ್ದು ನನ್ನ ತಮ್ಮ ಡೆಲ್ಮರನದು. ಪ್ರತಿ ಸಲ ನಮ್ಮ ಜೊತೆ ಬರುತ್ತಿದ್ದ ನೆರೆಯವನು ಆ ಬೇಸಿಗೆಯಲ್ಲಿ ಕಾಲು ಮುರಿದುಕೊಂಡು ಕೂತಿದ್ದ. ಹೇಸರಗತ್ತೆಗಳ ಮೇಲೆ ಸಾಮಾನು ಹೇರಬೇಕು, ಹೊಡೆದದ್ದನ್ನು ಕಣಿವೆ ದಾಟಿ ಹೋಗಿ ತರಬೇಕು. ಆರ್ವಿಡನ ಮಂಡಿಗೆ ಅದು ಆಗದ ಕೆಲಸ. ನಾನು ಡೆಲ್ಮರನ ಮನೆಗೆ ಹೋಗಿ, ಅವನ ಅಡಿಗೆಮನೆಯಲ್ಲಿ ಕೂತು, ಅವನು ಹೂಂ ಅನ್ನುವವರೆಗೆ ಎದ್ದೇಳಲಿಲ್ಲ.

ಅವನು ಸುಲಭಕ್ಕೆ ಹೂಂ ಅನ್ನದಿರಲು ಕಾರಣವಿತ್ತು. ನಮ್ಮ ಡೇರೆಯಲ್ಲಿ ಆರ್ವಿಡ್ ಮಾಡಿದ ಒಂದು ಕಟ್ಟಳೆ ಇದೆ. ಗುಂಡು ತಗುಲಿ ಒಂದು ಹನಿ ರಕ್ತ ಬಿದ್ದರೂ ಆ ಪ್ರಾಣಿಯೇ ನಿನ್ನ ಪ್ರಾಣಿ. ಸಿಕ್ಕಿದರೆ ಅದು, ಸಿಗದಿದ್ದರೆ ಇನ್ನೊಂದರ ಮೇಲೆ ಬಂದೂಕು ಎತ್ತುವ ಹಾಗಿಲ್ಲ, ಚೀಟಿ ಬಳಸಿ ಮುಗಿಯಿತು ಎಂದು ಅದರ ತಾರೀಖು ಕತ್ತರಿಸಿ ಮನೆಗೆ ಹೋಗಬೇಕು. ಕಾನೂನು ಅಷ್ಟು ದೂರ ಹೋಗುವುದಿಲ್ಲ, ನಮ್ಮ ಡೇರೆ ಹೋಗುತ್ತದೆ. ಒಂಬತ್ತು ವರ್ಷದ ಹಿಂದೆ ಡೆಲ್ಮರ್ ಒಂದು ದೊಡ್ಡ ಎಲ್ಕ್ ಜಿಂಕೆಗೆ ಗುರಿಯಿಟ್ಟು, ಗುಂಡು ಕಾಲಿಗೆ ತಾಗಿ, ಎರಡು ದಿನ ಹುಡುಕಿದರೂ ಅದು ಸಿಗಲಿಲ್ಲ. ಮೂರನೆಯ ಬೆಳಿಗ್ಗೆ ಅದಕ್ಕಿಂತ ದೊಡ್ಡದೊಂದು ಡೇರೆಯ ಎದುರಿಗೇ ಬಂದು ನಿಂತಿತು. ಡೆಲ್ಮರ್ ಬಂದೂಕಿಗೆ ಕೈ ಹಾಕಿದ. ಆರ್ವಿಡ್ ಬೇಡ ಅಂದ. ಅಷ್ಟೇ ಆಗಿದ್ದರೆ ಸರಿಯಿತ್ತು. ಜೊತೆಗೆ ಬಂದಿದ್ದ ಊರಿನ ಆರೇಳು ಜನರ ಮುಂದೆ ಅವನನ್ನು ನಿಲ್ಲಿಸಿ, ಚೀಟಿ ಕತ್ತರಿಸುವ ತನಕ ಕದಲಲು ಬಿಡಲಿಲ್ಲ. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಕ್ರಿಸ್ಮಸ್ಸಿಗೆ ಒಂದೇ ಮೇಜಿಗೆ ಕೂತರೂ ನಡುವೆ ನಾನು ಗೋಡೆಯಾಗಿ ಕೂರಬೇಕು. ನನಗೆ ಇರುವುದು ಒಬ್ಬ ತಮ್ಮ, ಒಬ್ಬ ಗಂಡ. ಇಬ್ಬರನ್ನೂ ಒಟ್ಟಿಗೆ ಪ್ರೀತಿಸುವುದು ಎರಡು ಒಲೆಗೆ ಒಬ್ಬಳೇ ಸೌದೆ ಹೊತ್ತಂತೆ, ಸುಸ್ತಾಗಿ ಹೋಗುತ್ತದೆ.

ಸೆಪ್ಟೆಂಬರಿನಲ್ಲಿ ಕುದುರೆಗಳ ಮೇಲೆ ಅಬ್ಸಾರೋಕಾ ಬೆಟ್ಟ ಹತ್ತಿ ಡೇರೆ ಹಾಕಿದೆವು. ಡೆಲ್ಮರ್ ಕೆಲಸವನ್ನೆಲ್ಲ ಅಚ್ಚುಕಟ್ಟಾಗಿ ಮಾಡಿದ, ಆರ್ವಿಡನ ಮುಖ ಮಾತ್ರ ನೋಡಲಿಲ್ಲ.

"ಅಕ್ಕ, ನಿಮ್ಮ ಯಜಮಾನ್ರಿಗೆ ಹೇಳು, ಕಾಫಿ ಆಗಿದೆ ಅಂತ," ಅನ್ನುತ್ತಿದ್ದ. ಯಜಮಾನರು ಎರಡು ಮಾರು ದೂರದಲ್ಲೇ ಕೂತಿರುತ್ತಿದ್ದರು.

"ಅವನಿಗೆ ಹೇಳು, ಕಾಫಿ ಕಲಗಚ್ಚಿನ ಹಾಗಿದೆ ಅಂತ," ಅನ್ನುತ್ತಿದ್ದ ಆರ್ವಿಡ್.

"ನೀವಿಬ್ರೂ ಹೇಸರಗತ್ತೆ ಜೊತೆ ಮಲ್ಕೊಳ್ಳಿ, ಅದಕ್ಕೆ ನಿಮಗಿಂತ ಬುದ್ಧಿ ಇದೆ," ಅಂದೆ ನಾನು.

ಬೇಟೆಯ ಹಿಂದಿನ ಸಂಜೆ ಆರ್ವಿಡ್ ಬಂದೂಕು ಪರೀಕ್ಷೆ ಮಾಡಿದ. ಕುದುರೆಯ ಬೆನ್ನ ಮೇಲೆ ಬಂದ ಬಂದೂಕನ್ನು ನಂಬಬಾರದು, ಎಲ್ಲಾದರೂ ತಗುಲಿ ಸ್ಕೋಪು ಕದಲಿರುತ್ತದೆ. ದೂರದ ಬಂಡೆಯ ಮೇಲೆ ಒಂದು ಬಿಳಿ ಗುರುತು ನೋಡಿಕೊಂಡು ಮಲಗಿದ. ಎಡದಿಂದ ಚೆನ್ನಾಗಿ ಗಾಳಿ ಬೀಸುತ್ತಿತ್ತು, ಎಡಕ್ಕೆ ಆರು ಟಿಕ್ ಅಂದೆ. ಗುಂಡು ಬಿಳಿ ಗುರುತಿನ ಮೇಲೇ ಬಿತ್ತು. ಹೊಡೆದಾದ ಮೇಲೆ ಎರಡೂ ತಿರುಪನ್ನು ಹಿಂದಕ್ಕೆ ತಂದು, "ಸೊನ್ನೆ" ಎಂದು ಗಟ್ಟಿಯಾಗಿ ಹೇಳುವುದು ಅವನ ಪದ್ಧತಿ. ಮೇಲಿನದನ್ನು ಹಿಂದಕ್ಕೆ ತಂದ. ಅಷ್ಟರಲ್ಲಿ ಕೆಳಗೆ ಒಂದು ಕುದುರೆ ಗೂಟ ಕಿತ್ತುಕೊಂಡು ಓಡಿತು. ಮೂವರೂ ಅದರ ಹಿಂದೆ ಓಡಿದೆವು, ಆರ್ವಿಡ್ ಕುಂಟುತ್ತಾ ಬೈಯುತ್ತಾ ಓಡಿದ. ವಾಪಸು ಬಂದು ಬಂದೂಕನ್ನು ಚೀಲಕ್ಕೆ ತುರುಕಿದ. ಸೊನ್ನೆ ಎಂಬ ಮಾತು ನನಗೆ ಕೇಳಲಿಲ್ಲ. ಕೇಳಲಿಲ್ಲ ಎಂಬುದೂ ಆಗ ನನ್ನ ಗಮನಕ್ಕೆ ಬರಲಿಲ್ಲ, ನನ್ನ ಕೈಯಲ್ಲಿ ಒದೆಯುವ ಕುದುರೆಯಿತ್ತು.

ಮರುದಿನ ಬೆಳಕು ಹರಿಯುವಾಗ ಕಣಿವೆಯ ಅಂಚಿನಲ್ಲಿ ಇದ್ದೆವು. ಆಚೆ ಬದಿಯ ಬಂಡೆಯ ಜಗುಲಿಯ ಮೇಲೆ ಒಂದು ಟಗರು ಎಡಕ್ಕೆ ಮುಖಮಾಡಿ ನಿಂತಿತ್ತು. ಕೊಂಬು ಕೆನ್ನೆ ಸುತ್ತಿ ಬಂದು ಕಣ್ಣಿನ ಮಟ್ಟ ದಾಟಿತ್ತು. ದೂರ ಐನೂರ ಅರವತ್ತು ಗಜ. ಆರ್ವಿಡ್ ಕೋಟು ಮಡಚಿ ಬಂದೂಕಿನ ಕೆಳಗಿಟ್ಟು ಮಲಗಿ, ಮೇಲಿನ ತಿರುಪನ್ನು ಎಣಿಸುತ್ತಾ ತಿರುಗಿಸಿದ. ಅವನು ಓದುವುದಿಲ್ಲ, ಬೆರಳಲ್ಲಿ ಎಣಿಸುತ್ತಾನೆ. ತಿರುಪಿನ ಮೇಲಿನ ಅಂಕಿ ಕಾಣಲು ಕನ್ನಡಕ ಬೇಕು, ಕನ್ನಡಕ ಹಾಕಿದರೆ ಮುದುಕ ಅನ್ನಿಸಿಕೊಳ್ಳಬೇಕು. ಎಪ್ಪತ್ತೊಂದರಲ್ಲೂ ಅವನಿಗೆ ಆ ಬಿಂಕ.

ನಾನು ಮೂರು ಕಾಲಿನ ದುರ್ಬೀನಿನಲ್ಲಿ ಮೂರು ಕಡೆ ನೋಡಿದೆ. ನಮ್ಮ ಹತ್ತಿರದ ಹುಲ್ಲು ಅಲ್ಲಾಡುತ್ತಿರಲಿಲ್ಲ. ಕಣಿವೆಯ ನಡುವಿನ ಜೂನಿಪರ್ ಮರದ ಕೊಂಬೆಗಳು ಮೆಲ್ಲಗೆ ತೂಗುತ್ತಿದ್ದವು. ಟಗರಿನ ಕುತ್ತಿಗೆಯ ಕೂದಲು ಬಲಕ್ಕೆ ಒರಗಿತ್ತು. ಬೆಳಗಿನ ತಣ್ಣನೆ ಗಾಳಿ ಎಡಗಡೆ ಎತ್ತರದಿಂದ ಕಣಿವೆಗುಂಟ ಇಳಿಯುತ್ತಿತ್ತು.

"ಎಡದಿಂದ. ಐದು," ಅಂದೆ.

"ಐದು," ಅಂದು ಅವನು ಐದು ಟಿಕ್ ತಿರುಗಿಸಿದ.

ಗುಂಡು ಹಾರಿತು. ಟಗರು ನೆಗೆದು ಹಿಂದಕ್ಕೆ ತಿರುಗಿ, ಬಂಡೆಗಳ ನಡುವೆ ಮಾಯವಾಯಿತು. ಎದೆಯ ಮುಂದೆ ಒಂದಿಷ್ಟು ಕೂದಲು ಹಾರಿದ ಹಾಗೆ ನನಗೆ ಕಂಡಿತು.

"ಎಡಕ್ಕೆ ಹೋಯ್ತು," ಅಂದೆ. "ಎತ್ತರ ಸರಿಯಿತ್ತು. ಒಂದು ಗೇಣು ಎಡಕ್ಕೆ."

"ನೀನು ಗಾಳಿ ತಪ್ಪು ಹೇಳ್ದೆ!"

"ನಾನಾ? ಕನ್ನಡಕ ಹಾಕ್ಕೊಂಡು ನಿನ್ನ ತಿರುಪು ನೋಡ್ಕೋ ಮೊದ್ಲು."

ಗೊಣಗುತ್ತಾ ಕನ್ನಡಕ ತೆಗೆದು ಮೂಗಿಗೇರಿಸಿದ. ಪಕ್ಕದ ತಿರುಪನ್ನು ಬಹಳ ಹೊತ್ತು ನೋಡಿದ.

"ಹನ್ನೊಂದಿದೆ," ಅಂದ. "ನಿನ್ನೆ ಸಂಜೆಯ ಆರು ಹಾಗೇ ಇದೆ. ನಾನು ವಾಪಸ್ ತರ್ಲೇ ಇಲ್ಲ, ವರ್ಲಾ."

ಕ್ಷಮೆ ಕೇಳಲಿಲ್ಲ. ಕೇಳುವ ಜಾತಿಯಲ್ಲ. ಆದರೆ ಅವನ ಕೈ ಚೀಟಿಯಿದ್ದ ಎಡಜೇಬಿನ ಮೇಲೆ ಹೋಯಿತು.

ಪ್ರತಿ ಗುಂಡಿನ ನಂತರ ಯಾರಾದರೂ ಹೋಗಿ ಬಿದ್ದ ಜಾಗ ನೋಡಲೇಬೇಕು. ಡೆಲ್ಮರ್ ಕಣಿವೆಗೆ ಇಳಿದ. ಆಚೆ ಬದಿ ಹತ್ತಿ ಜಗುಲಿ ಮುಟ್ಟುವಷ್ಟರಲ್ಲಿ ಬಿಸಿಲು ಏರಿತ್ತು. ಆರ್ವಿಡ್ ಬಂಡೆಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದ. ಅವನಿಗೆ ನೋಡುವ ಧೈರ್ಯವಿರಲಿಲ್ಲ. ದುರ್ಬೀನಿಗೆ ಕಣ್ಣಿಟ್ಟವಳು ನಾನೊಬ್ಬಳೇ.

ತಮ್ಮ ಬಗ್ಗಿದ. ಬಂಡೆಯ ಮೇಲೆ ಬೆರಳು ಒತ್ತಿದ, ಆ ಬೆರಳನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. ಟಗರು ಹೋದ ದಿಕ್ಕಿಗೆ ನಾಲ್ಕು ಹೆಜ್ಜೆ ಹೋಗಿ ಮತ್ತೆ ಬಗ್ಗಿದ. ಆಮೇಲೆ ನಮ್ಮ ಕಡೆ ತಿರುಗಿ ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಅವನ ಮನಸ್ಸಿನಲ್ಲಿ ಏನು ನಡೆಯುತ್ತಿದೆ ಎಂದು ನನಗೆ ಗೊತ್ತಿತ್ತು. ಒಂಬತ್ತು ವರ್ಷದಿಂದ ಅವನು ಕಾದ ಗಳಿಗೆ ಇದು. ಈಗ ಎದ್ದು ಬಂದು, ಆ ಬೆರಳನ್ನು ಆರ್ವಿಡನ ಮೂಗಿನ ಮುಂದೆ ಹಿಡಿದು, "ಯಜಮಾನ್ರೇ, ಚೀಟಿ ಕತ್ತರಿಸಿ" ಅನ್ನುತ್ತಾನೆ. ಅನ್ನಲಿ, ಅದು ಅವನ ಹಕ್ಕು ಎಂದುಕೊಂಡೆ.

ಡೆಲ್ಮರ್ ಸೊಂಟದ ನೀರಿನ ಬಾಟಲಿ ತೆಗೆದ. ಬಂಡೆಯ ಮೇಲೆ ನೀರು ಹೊಯ್ದು ಕೈಗವಸಿನಿಂದ ತಿಕ್ಕಿದ. ನಾಲ್ಕು ಹೆಜ್ಜೆ ಮುಂದಿನ ಜಾಗವನ್ನೂ ತಿಕ್ಕಿದ. ಆಮೇಲೆ ಎದ್ದು ನಿಂತು, ನಮ್ಮ ಕಡೆ ಎರಡು ಕೈಯನ್ನೂ ಅಡ್ಡಡ್ಡ ಬೀಸಿದ. ತಗುಲಿಲ್ಲ ಎಂಬ ಸನ್ನೆ.

"ಏನಂತೆ?" ಅಂದ ಆರ್ವಿಡ್, ಕಣ್ಣು ತೆರೆಯದೆ.

"ತಗುಲಿಲ್ಲ ಅಂತ ಕೈ ಬೀಸ್ತಿದ್ದಾನೆ," ಅಂದೆ. ಅದು ನಿಜವೇ ಆಗಿತ್ತು, ಅವನು ಕೈ ಬೀಸುತ್ತಿದ್ದ.

ಡೆಲ್ಮರ್ ವಾಪಸು ಬಂದು ನೇರ ಆರ್ವಿಡನ ಮುಂದೆ ನಿಂತ.

"ಸಾಫ್ ತಪ್ಪಿದೆ, ಆರ್ವಿಡ್. ಒಂದು ಹನಿ ಇಲ್ಲ."

ಒಂಬತ್ತು ವರ್ಷದಲ್ಲಿ ಅವನು ಆ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಆರ್ವಿಡ್ ತಲೆ ಎತ್ತಿ ನೋಡಿದ.

"ಸರಿಯಾಗಿ ನೋಡಿದ್ಯಾ?"

"ನಿನ್ನಷ್ಟು ಕುರುಡು ಅಲ್ಲ ನಾನು."

ಆರ್ವಿಡ್ ನಕ್ಕ. ಡೆಲ್ಮರನೂ ನಕ್ಕ. ನಾನು ದುರ್ಬೀನಿನ ಕಾಲು ಮಡಚುವ ನೆಪದಲ್ಲಿ ಬೆನ್ನು ತಿರುಗಿಸಿದೆ.

ಆ ಸಂಜೆ ಡೇರೆಯಲ್ಲಿ ಏನು ಸಡಗರ! ಬೀನ್ಸ್ ಕಾಳಿಗೆ ಹಂದಿಮಾಂಸ ಹಾಕಿ ಬೇಯಿಸಿದ್ದನ್ನು ಇಬ್ಬರೂ ಒಂದೇ ಬಾಣಲೆಯಿಂದ ಬಳಿದು ತಿಂದರು. ಮೂವತ್ತು ವರ್ಷದ ಹಿಂದೆ ಸತ್ತ ಹೇಸರಗತ್ತೆಯೊಂದರ ತುಂಟತನ ನೆನೆಸಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಅದನ್ನು ನೋಡಿ ಸಂತೋಷವಾಯಿತು, ಆದರೆ ಅವರ ಜೊತೆ ಕೂತು ನಗಲಾಗದೆ ಎದ್ದೆ.

ಪಾತ್ರೆ ತೊಳೆಯಲು ತೊರೆಗೆ ಹೋದಾಗ ಡೆಲ್ಮರ್ ಬಕೆಟ್ಟು ಹಿಡಿದು ಹಿಂದೆ ಬಂದ.

"ಎಷ್ಟು ರಕ್ತ ಇತ್ತು?" ಅಂದೆ.

"ಯಾವ ರಕ್ತ?"

"ನೀನು ಬಾಟಲಿ ನೀರಲ್ಲಿ ತೊಳೆದದ್ದು. ನನ್ನ ಹತ್ರ ಆಟ ಆಡ್ಬೇಡ, ನಿನ್ನ ಮೂಗು ಒರೆಸಿ ಬೆಳೆಸಿದವಳು ನಾನು."

ಅವನು ಬಕೆಟ್ಟು ಕೆಳಗಿಟ್ಟ.

"ಉಗುರಿನಷ್ಟು. ಎರಡು ಕಡೆ. ಚರ್ಮ ತರಚಿದೆ ಅಷ್ಟೇ ಅಕ್ಕ, ಅದಕ್ಕೇನೂ ಆಗಲ್ಲ."

"ಹಾಗಿದ್ರೆ ಹಾಗೇ ಹೇಳ್ಬೇಕಿತ್ತು."

"ಹೇಳಿದ್ರೆ? ಆ ಟಗರು ಹೋದ ಕಡೆ ಮೇಕೆನೂ ಹತ್ತಲ್ಲ. ಅವನು ಆ ಮಂಡಿ ಇಟ್ಕೊಂಡು ಹತ್ತಾನಾ? ಅಲ್ಲಿಗೆ ಮುಗೀತು. ಚೀಟಿ ಕತ್ತರಿಸ್ತಿದ್ದ, ನೀನು ನೋಡ್ತಿದ್ದೆ. ಕತ್ತರಿಸೋದು ಹೇಗಿರುತ್ತೆ ಅಂತ ನನಗೆ ಗೊತ್ತು."

"ಅಂದ್ರೆ ಅವನನ್ನ ಕ್ಷಮಿಸಿದ್ಯಾ?"

"ಕ್ಷಮೆ ಗಿಮೆ ಏನಿಲ್ಲ. ಹಗೆ ಸಾಧಿಸ್ಬೇಕು ಅಂತಾನೇ ಹತ್ತಿದ್ದು. ಅಲ್ಲಿಂದ ತಿರುಗಿ ನೋಡಿದ್ರೆ, ಮುದುಕ ಬಂಡೆಗೊರಗಿ ಸಣ್ಣ ಮಗು ಥರ ಮುದುರ್ಕೊಂಡು ಕೂತಿದ್ದಾನೆ. ನನ್ನ ಕೈಲಿ ಆಗ್ಲಿಲ್ಲ. ನೀನು ಬಾಯಿಗೆ ಬೀಗ ಹಾಕ್ಕೋ, ನಿನ್ನ ದಮ್ಮಯ್ಯ."

ಬಾಣಲೆಯನ್ನು ಮರಳು ಹಾಕಿ ತಿಕ್ಕಿದೆ.

ಮರುದಿನ ಬೆಳಿಗ್ಗೆ ಅದೃಷ್ಟ ಬಾಗಿಲಿಗೇ ಬಂತು. ಡೇರೆಯಿಂದ ಹೆಚ್ಚು ದೂರ ಹೋಗಿರಲಿಲ್ಲ, ಮುನ್ನೂರು ಗಜದಲ್ಲಿ, ಈಚೆ ಬದಿಯ ಹುಲ್ಲಿನಲ್ಲೇ, ನಿನ್ನೆಯದಕ್ಕಿಂತ ದಪ್ಪ ಕೊಂಬಿನ ಟಗರೊಂದು ಮೇಯುತ್ತಿತ್ತು. ಪಕ್ಕೆ ಪೂರ್ತಿ ನಮ್ಮ ಕಡೆಗೆ. ಆರ್ವಿಡ್ ಕನ್ನಡಕ ಹಾಕಿಕೊಂಡೇ ಮಲಗಿದ. ಎರಡೂ ತಿರುಪು ಸೊನ್ನೆಯಲ್ಲಿದೆಯೇ ಎಂದು ಓದಿ ನೋಡಿದ. ಮೇಲಿನದನ್ನು ತಿರುಗಿಸಿದ. ಅವನ ಉಸಿರು ನಿಧಾನವಾಯಿತು.

"ಗಾಳಿ?" ಅಂದ.

ಬಲದಿಂದ, ಒಂದು. ಉತ್ತರ ನನ್ನ ನಾಲಿಗೆಯ ಮೇಲೇ ಇತ್ತು. ಅಷ್ಟು ಹತ್ತಿರಕ್ಕೆ ಅದೂ ಬೇಕಿರಲಿಲ್ಲ. ಆದರೆ ಬಾಯಿ ತೆರೆದಾಗ ನನಗೆ ನಮ್ಮ ಊಟದ ಮನೆಯ ಗೋಡೆ ಕಂಡಿತು. ಈ ತಲೆ ಅಲ್ಲಿ ತೂಗುತ್ತದೆ. ಬಂದವರಿಗೆಲ್ಲ ಅವನು ಇದರ ಕಥೆ ಹೇಳುತ್ತಾನೆ. ಸಾಯುವ ತನಕ ಹೇಳುತ್ತಾನೆ, ಮತ್ತು ಪ್ರತಿ ಸಲವೂ ನಾನು ತಟ್ಟೆ ಹಿಡಿದು ನಿಂತು, ಇವನು ತನ್ನ ಇಡೀ ಜೀವನ ನಂಬಿದ ಒಂದೇ ಒಂದು ಕಟ್ಟಳೆಯನ್ನು ತನಗೇ ಗೊತ್ತಿಲ್ಲದೆ ಮುರಿದವನು ಎಂದು ತಿಳಿದೂ ನಗಬೇಕು. ಅದೂ ಅಲ್ಲದೆ, ಆಚೆ ಬದಿಯಲ್ಲಿ ಒಂದು ಪ್ರಾಣಿಗೆ ನಾವು ಗಾಯ ಮಾಡಿದ್ದೆವು. ಅದು ತರಚಿದ್ದು ಅಷ್ಟೇ ಎಂದು ಡೆಲ್ಮರ್ ಹೇಳಿದ್ದ. ಅದರ ಹಿಂದೆ ಯಾರೂ ಹೋಗಿ ನೋಡಿರಲಿಲ್ಲ.

"ಗಾಳಿ ಹೇಳು, ವರ್ಲಾ."

"ಹೇಳಲ್ಲ."

"ಏನಂದೆ?"

"ಹೇಳಲ್ಲ ಅಂದೆ."

ಟಗರು ಒಂದು ಹೆಜ್ಜೆ ಮುಂದಿಟ್ಟು ಮತ್ತೆ ಮೇಯತೊಡಗಿತು. ಆರ್ವಿಡ್ ಹೊಡೆಯಬಹುದಿತ್ತು. ಹೊಡೆಯಲಿಲ್ಲ. ತಲೆ ತಿರುಗಿಸಿ ನನ್ನನ್ನು ನೋಡಿದ, ಆಮೇಲೆ ನನ್ನ ಹಿಂದಿದ್ದ ಡೆಲ್ಮರನನ್ನು ನೋಡಿದ. ಡೆಲ್ಮರ್ ತಲೆಯ ಟೋಪಿ ತೆಗೆದು ನೆಲಕ್ಕೆ ಅಪ್ಪಳಿಸಿದ.

"ಥೂ, ನಿನ್ನ! ಒಂದು ದಿನ ಬಾಯಿ ಮುಚ್ಕೊಂಡಿರಕ್ಕೆ ಆಗಲ್ವಾ ನಿಂಗೆ?"

"ಬಾಯಿ ಮುಚ್ಕೊಂಡೇ ಇದ್ದೀನಲ್ಲ," ಅಂದೆ.

"ಎಷ್ಟು ರಕ್ತ?" ಎಂದು ಆರ್ವಿಡ್ ಅವನನ್ನೇ ಕೇಳಿದ.

ಡೆಲ್ಮರ್ ಹೆಬ್ಬೆರಳಿನ ಉಗುರು ತೋರಿಸಿದ.

ಆರ್ವಿಡ್ ಬಂದೂಕಿನ ಗುಂಡು ಹೊರತೆಗೆದು ಜೇಬಿಗೆ ಹಾಕಿಕೊಂಡ. ತಿರುಪನ್ನು ಹಿಂದಕ್ಕೆ ತಂದು, ಕನ್ನಡಕದಲ್ಲಿ ಓದಿ, "ಸೊನ್ನೆ" ಅಂದ. ಆ ಸದ್ದಿಗೆ ದಪ್ಪ ಕೊಂಬಿನ ಟಗರು ತಲೆಯೆತ್ತಿ ನಮ್ಮನ್ನು ನೋಡಿ, ಅವಸರವಿಲ್ಲದೆ ದಿಬ್ಬ ದಾಟಿ ಹೋಯಿತು. ಅದು ಹೋದ ಮೇಲೆ ಆರ್ವಿಡ್ ಒಂದು ಕೈ ಚಾಚಿದ, ನಾನು ಎಬ್ಬಿಸಿದೆ.

"ಕುದುರೆ ತನ್ನಿ," ಅಂದ. "ನಮ್ಮದು ಆಚೆ ಇದೆ."

ಕಣಿವೆಯ ತಳದ ತನಕ ಕುದುರೆ ಹೋಯಿತು. ಅಲ್ಲಿಂದ ಮೇಲೆ ನಡೆಯಲೇಬೇಕು. ಆರ್ವಿಡ್ ನಾಲ್ಕು ಕಾಲಲ್ಲಿ ಹತ್ತಿದ. ಡೆಲ್ಮರ್ ಕೆಳಗಿನಿಂದ ಅವನ ಕುಂಡಿಗೆ ಭುಜ ಕೊಟ್ಟು ತಳ್ಳುತ್ತಿದ್ದ, ಇಬ್ಬರೂ ಏದುಸಿರು ಬಿಡುತ್ತಾ ಒಬ್ಬರನ್ನೊಬ್ಬರು ಬೈಯುತ್ತಿದ್ದರು. ಬಂದೂಕು ನನ್ನ ಹೆಗಲಲ್ಲಿತ್ತು. ಜಗುಲಿ ಮುಟ್ಟಿದಾಗ ಮಧ್ಯಾಹ್ನ ಕಳೆದಿತ್ತು. ಡೆಲ್ಮರ್ ತೊಳೆದ ಜಾಗದಿಂದ ಮುಂದೆ ಇನ್ನೆರಡು ಒಣಗಿದ ಹನಿ ಸಿಕ್ಕಿದವು. ಆಮೇಲೆ ಇಲ್ಲ. ಗೊರಸಿನ ಗುರುತು ಸಲೀಸಾಗಿ, ಎಲ್ಲೂ ಎಡವದೆ ಮೇಲಕ್ಕೆ ಹೋಗಿತ್ತು.

ಸಂಜೆಯ ಹೊತ್ತಿಗೆ ಅದನ್ನು ಕಂಡುಹಿಡಿದದ್ದು ನಾನೇ. ತಲೆಯ ಮೇಲೆ ಬಹಳ ಎತ್ತರದಲ್ಲಿ, ಕಡಿದಾದ ಬಂಡೆಯ ಆಚೆ, ಇನ್ನೂ ಮೂರು ಟಗರುಗಳ ಜೊತೆ ನಿಂತಿತ್ತು. ಎದೆಯ ಮುಂದೆ ಒಂದು ಕಪ್ಪು ಗೀರು. ಪಕ್ಕದವನಿಗೆ ಕೊಂಬಿನಿಂದ ಗುದ್ದಿ, ಅವನ ಜಾಗ ಕಿತ್ತುಕೊಂಡು ಮೇಯತೊಡಗಿತು. ಆರ್ವಿಡ್ ದುರ್ಬೀನಿನಲ್ಲಿ ಅದನ್ನು ತುಂಬಾ ಹೊತ್ತು ನೋಡಿದ.

"ಚೆನ್ನಾಗಿದೆ," ಅಂದ. "ನನಗಿಂತ ಚೆನ್ನಾಗಿದೆ."

ಅಲ್ಲಿಗೆ ಗುಂಡು ಮುಟ್ಟುವಂತಿರಲಿಲ್ಲ, ಹೋಗುವ ದಾರಿಯೂ ಅವನಿಗೆ ಇರಲಿಲ್ಲ. ನಾಳೆಯೂ ಇರುವುದಿಲ್ಲ, ಮುಂದಿನ ವಾರವೂ ಇರುವುದಿಲ್ಲ. ಅವನು ಜಗುಲಿಯ ಮೇಲೆ ಕಾಲು ಚಾಚಿ ಕೂತು, ಎಡಜೇಬಿನ ಗುಂಡಿ ಬಿಚ್ಚಿ, ಚೀಟಿ ತೆಗೆದು, ತಾರೀಖಿನ ಜಾಗವನ್ನು ಚಾಕುವಿನ ಮೊನೆಯಿಂದ ನಿಧಾನವಾಗಿ ಕತ್ತರಿಸಿದ. ಕತ್ತರಿಸಿದ ತುಣುಕನ್ನು ಗಾಳಿ ಎತ್ತಿಕೊಂಡು ಹೋಯಿತು. ಡೆಲ್ಮರ್ ಬೇರೆ ಕಡೆ ನೋಡಿದ.

"ಡೆಲ್ಮರ್," ಅಂದ ಆರ್ವಿಡ್. "ನಿನ್ನೆ ನಿನ್ನ ಜಾಗದಲ್ಲಿ ನಾನಿದ್ದಿದ್ರೆ ನಿಜ ಹೇಳ್ತಿದ್ದೆ."

"ಗೊತ್ತು ಬಿಡು. ಕಟ್ಟಳೆ ಅಂದ್ರೆ ಕಟ್ಟಳೆ."

"ಕಟ್ಟಳೆಗಲ್ಲ." ಅವನು ಚಾಕು ಮಡಚಿದ. "ನಿನ್ನ ಮುಖ ಬಾಡೋದು ನೋಡಕ್ಕೆ ಹೇಳ್ತಿದ್ದೆ. ಆ ಎಲ್ಕ್ ದಿನಾನೂ ಹಾಗೇ. ನಾನು ಹೇಳಿದ್ದು ಸರಿ ಇತ್ತು. ಆದ್ರೆ ಎಲ್ಲರ ಮುಂದೆ ನಿನ್ನ ಕೈಲಿ ಕತ್ತರಿಸುವಾಗ ನನಗೆ ಖುಷಿಯಾಯ್ತು. ತುಂಬಾ ಖುಷಿಯಾಯ್ತು."

ಡೆಲ್ಮರ್ ಆ ಮುದುಕನನ್ನು ಕಣಿವೆಗೆ ತಳ್ಳಿದರೂ ತಪ್ಪು ಹೇಳುವ ಹಾಗಿರಲಿಲ್ಲ.

"ನನಗದು ಅವತ್ತೇ ಗೊತ್ತಿತ್ತು," ಅಂದ ಡೆಲ್ಮರ್. "ಚೀಟಿ ಹೋದದ್ದಕ್ಕೆ ಯಾರಾದ್ರೂ ಒಂಬತ್ತು ವರ್ಷ ಮಾತು ಬಿಡ್ತಾರಾ? ನಿನ್ನ ಮುಖದ ಮೇಲೆ ಆ ಖುಷಿ ಇತ್ತಲ್ಲ, ಅದಕ್ಕೆ ಬಿಟ್ಟೆ."

ಆರ್ವಿಡ್ ತಲೆ ಆಡಿಸಿದ. ಅಷ್ಟು ಮಾತು ಅವನ ಬಾಯಿಂದ ಬಂದದ್ದೇ ಹೆಚ್ಚು. ನಾನು ಅಳುವ ಹೆಂಗಸಲ್ಲ, ಆದರೆ ಅಲ್ಲಿ ನಿಂತು ಚೆನ್ನಾಗಿ ಅತ್ತೆ, ಯಾರಿಗೂ ಮುಚ್ಚಿಡಲಿಲ್ಲ.

"ಇವಳಿಗೇನಾಯ್ತು ಈಗ?" ಅಂದ ಆರ್ವಿಡ್.

"ಅವಳನ್ನ ಬಿಡು," ಅಂದ ನನ್ನ ತಮ್ಮ. ಆರ್ವಿಡನ ಎರಡೂ ಕಂಕುಳಿಗೆ ಕೈ ಹಾಕಿ ಎಬ್ಬಿಸಿದ. "ಏಳು, ಬೆಳಕಿರುವಾಗ ಇಳಿಯೋಣ. ಇಳಿಯುವಾಗ ನಾನು ಮುಂದೆ ಇರ್ತೀನಿ, ಬಿದ್ರೆ ನನ್ನ ಮೇಲೇ ಬೀಳು."